ತೋಟದ ಮೋಟಾರಿಗೆ ಮನೆಯಿಂದಲೇ ಅಪ್ಪಣೆ

ನಡುರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದರೆ ರೈತನ ಮನೆಯಲ್ಲಿ ಯಾರಾದರೂ ಒಬ್ಬರು ಏಳಲೇಬೇಕು. ಟಾರ್ಚ್ ಹಿಡಿದು, ಹಾವು ಚೇಳುಗಳ ಭಯದಲ್ಲೇ ಬದುವಿನ ಮೇಲೆ ನಡೆದು, ಪಂಪ್‌ಹೌಸಿನ ಬಾಗಿಲು ತೆಗೆದು ಹಸಿರು ಗುಂಡಿ ಒತ್ತಬೇಕು. ಈಗ ಎಷ್ಟೋ ಹಳ್ಳಿಗಳಲ್ಲಿ ಈ ಕಷ್ಟ ತಪ್ಪಿದೆ. ಹಾಸಿಗೆಯಲ್ಲಿ ಕುಳಿತೇ ಮೊಬೈಲಿನಿಂದ ಒಂದು ಕರೆ ಮಾಡಿದರೆ ಸಾಕು, ದೂರದ ತೋಟದಲ್ಲಿ ಮೋಟಾರು ಓಡತೊಡಗುತ್ತದೆ. ಹಾಗಾದರೆ ಅಲ್ಲಿ ಗುಂಡಿ ಒತ್ತಿದವರು ಯಾರು? ಮಕ್ಕಳೇ, ಆ ಕಾಣದ ಕೈಯ ಹೆಸರು ರಿಲೇ.

ಸಣ್ಣವನು ಹೇಳಿದ, ದೊಡ್ಡವನು ಮಾಡಿದ

ಕಬ್ಬಿಣದ ಮೊಳೆಗೆ ಹೊದಿಕೆಯುಳ್ಳ ತಾಮ್ರದ ತಂತಿ ಸುತ್ತಿ ಬ್ಯಾಟರಿಗೆ ಜೋಡಿಸಿದರೆ ಮೊಳೆ ಅಯಸ್ಕಾಂತವಾಗುವುದನ್ನು ನೀವು ಶಾಲೆಯಲ್ಲಿ ನೋಡಿರಬಹುದು. ರಿಲೇಯ ಹೊಟ್ಟೆಯಲ್ಲಿರುವುದೂ ಅಂಥದೇ ಒಂದು ಸುರುಳಿ. ಅದರಲ್ಲಿ ಕರೆಂಟ್ ಹರಿದಾಗ ಎದುರಿಗಿರುವ ಕಬ್ಬಿಣದ ಪಟ್ಟಿಯನ್ನು ಅದು ಸೆಳೆದುಕೊಳ್ಳುತ್ತದೆ. ‘ಟಕ್’ ಎಂಬ ಸದ್ದಿನೊಂದಿಗೆ ಎರಡು ಲೋಹದ ತುದಿಗಳು ಕೂಡಿಕೊಳ್ಳುತ್ತವೆ, ಸ್ವಿಚ್ ಹಾಕಿದಂತಾಗುತ್ತದೆ. ಸುರುಳಿಯ ಕರೆಂಟ್ ನಿಂತರೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತದೆ, ಸ್ವಿಚ್ ಆರುತ್ತದೆ.

ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ 12 ವೋಲ್ಟಿನ ಸಾಮಾನ್ಯ ರಿಲೇಗೆ ಬೇಕಾಗುವುದು ಸುಮಾರು 0.03 ಆಂಪಿಯರ್ ಕರೆಂಟ್. ಅದರ ತುದಿಗಳಾದರೋ 230 ವೋಲ್ಟಿನಲ್ಲಿ 10 ಆಂಪಿಯರ್‌ವರೆಗೂ ತಡೆದುಕೊಳ್ಳಬಲ್ಲವು. ಅಂದರೆ ಮುನ್ನೂರು ಪಟ್ಟಿಗೂ ಹೆಚ್ಚು! ಜೊತೆಗೆ, ಅಪ್ಪಣೆ ಕೊಡುವ ತಂತಿಗೂ ಕೆಲಸ ಮಾಡುವ ತಂತಿಗೂ ಒಳಗೆ ಸಂಪರ್ಕವೇ ಇಲ್ಲ. ನಡುವೆ ಇರುವುದು ಅಯಸ್ಕಾಂತದ ಸೆಳೆತ ಮಾತ್ರ.

ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1835ರ ಸುಮಾರಿಗೇ ಈ ಉಪಾಯವನ್ನು ಮಾಡಿ ತೋರಿಸಿದ್ದರು. ಆಮೇಲೆ ಇದು ಟೆಲಿಗ್ರಾಫಿಗೆ ಆಸರೆಯಾಯಿತು. ಉದ್ದನೆಯ ತಂತಿಯಲ್ಲಿ ಸಾಗಿ ಸಾಗಿ ಸೊರಗಿದ ಸಂಕೇತ ನಡುವಿನ ಠಾಣೆಯ ರಿಲೇಯನ್ನು ಮುಟ್ಟುತ್ತಿತ್ತು. ಅದು ಅಲ್ಲಿನ ಹೊಸ ಬ್ಯಾಟರಿಯ ಬಲದಿಂದ ಸುದ್ದಿಯನ್ನು ಮುಂದಕ್ಕೆ ಕಳಿಸುತ್ತಿತ್ತು. ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹತ್ತುವ ಹಳೆಯ ಕಾಲದ ಅಂಚೆಯವನಂತೆ!

ತಂತಿಯೂ ಹೋಯಿತು

1895ರಲ್ಲಿ ಕಲ್ಕತ್ತೆಯಲ್ಲಿ ನಮ್ಮ ಜಗದೀಶಚಂದ್ರ ಬೋಸರು ಗೋಡೆಯಾಚೆಗೆ ವಿದ್ಯುತ್ಕಾಂತೀಯ ಅಲೆ ಕಳಿಸಿ, ಅಲ್ಲಿದ್ದ ಗಂಟೆ ಬಾರಿಸಿದರು, ಮದ್ದಿನ ಪುಡಿ ಸಿಡಿಸಿದರು. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಪುಟ್ಟ ದೋಣಿಯೊಂದನ್ನು ನೀರಿನಲ್ಲಿ ತೇಲಿಬಿಟ್ಟು ರೇಡಿಯೊ ಅಲೆಯಿಂದಲೇ ನಡೆಸಿ ತೋರಿಸಿದರು.

ಇಂದಿನ ಗೇಟಿನ ರಿಮೋಟ್ ಅದೇ ವಂಶದ ಕುಡಿ. ಇಂಥ ಹಲವು ರಿಮೋಟ್‌ಗಳು 433 ಮೆಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 43 ಕೋಟಿ 30 ಲಕ್ಷ ಸಲ ಕಂಪಿಸುವ ಅಲೆಯಲ್ಲಿ ಮಾತಾಡುತ್ತವೆ. ಪಕ್ಕದ ಮನೆಯ ರಿಮೋಟಿಗೆ ನಿಮ್ಮ ಗೇಟು ತೆರೆದುಕೊಂಡರೆ? ಅದಕ್ಕೇ ಅಲೆಯ ಜೊತೆ ಒಂದು ಗುಪ್ತ ಸಂಖ್ಯೆಯೂ ಹೋಗುತ್ತದೆ. ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಂದಿಗೆ ತಾಳೆ ನೋಡಿದ ಮೇಲಷ್ಟೇ ಹಣ ಕೊಡುತ್ತೇವಲ್ಲ, ಹಾಗೆ. ಸಂಖ್ಯೆ ತಾಳೆಯಾದರೆ ಮಾತ್ರ ರಿಲೇಗೆ ಕರೆಂಟು. ಕಾರಿನ ಕೀಲಿಯಂಥವುಗಳಲ್ಲಿ ಪ್ರತಿ ಸಲ ಒತ್ತಿದಾಗಲೂ ಈ ಸಂಖ್ಯೆ ಬದಲಾಗುತ್ತದೆ. ಕಳ್ಳ ಹಳೆಯ ಸಂಕೇತವನ್ನು ಕದ್ದು ಹಿಡಿದಿಟ್ಟುಕೊಂಡರೂ ಅದು ನಡೆಯುವುದಿಲ್ಲ.

ತೋಟದ ಮೋಟಾರಿಗೆ ಇಷ್ಟು ದೂರ ಸಾಲದು. ಅದಕ್ಕೇ ಅಲ್ಲಿನ ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ. ಕರೆ ಮಾಡಿದ ನಂಬರು ಮಾಲೀಕನದೇ ಎಂದು ಖಚಿತವಾದರೆ ಪುಟ್ಟ ರಿಲೇ ಕೂಡಿಕೊಳ್ಳುತ್ತದೆ. ಅದು ಸ್ಟಾರ್ಟರಿನೊಳಗಿನ ‘ಕಾಂಟ್ಯಾಕ್ಟರ್’ ಎಂಬ ದೊಡ್ಡಣ್ಣನನ್ನು ಎಬ್ಬಿಸುತ್ತದೆ. ದೊಡ್ಡಣ್ಣ ಮೂರೂ ಫೇಸುಗಳನ್ನು ಒಟ್ಟಿಗೆ ಜೋಡಿಸಿ ಮೋಟಾರು ಓಡಿಸುತ್ತಾನೆ. ಪಟ್ಟಣದ ಮನೆಗಳಲ್ಲೂ ಇದಕ್ಕೆ ಕೆಲಸವಿದೆ. ಮಾಳಿಗೆಯ ಟ್ಯಾಂಕ್ ತುಂಬಿದ ಸುದ್ದಿಯನ್ನು ತಂತಿಯಿಲ್ಲದೆ ಕೆಳಗಿನ ಸಂಪಿನ ಪಂಪಿಗೆ ಮುಟ್ಟಿಸಿ ನಿಲ್ಲಿಸುವುದೂ ಇಂಥದೇ ರಿಲೇ.

ಮಾತು ನಿಂತರೆ ಏನು ಗತಿ?

ಅಲೆ ಗಾಳಿಯಲ್ಲಿ ಬರುವಂಥದು. ಗೋಡೆ ಅಡ್ಡ ಬರಬಹುದು, ರಿಮೋಟಿನ ಬ್ಯಾಟರಿ ಮುಗಿಯಬಹುದು. ಗೇಟು ತೆರೆಯದಿದ್ದರೆ ಕೈಯಿಂದ ತಳ್ಳಿದರಾಯಿತು. ಆದರೆ ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಉಕ್ಕು ಎತ್ತಿ ಹಿಡಿದ ಕ್ರೇನಿಗೆ ಹಾಗಾದರೆ? ಅದಕ್ಕಾಗಿ ಕ್ರೇನಿನ ರಿಮೋಟು ‘ನಾನಿದ್ದೇನೆ, ನಾನಿದ್ದೇನೆ’ ಎಂದು ಬಿಡದೆ ಸಂಕೇತ ಕಳಿಸುತ್ತಲೇ ಇರುತ್ತದೆ. ಆ ದನಿ ನಿಂತ ಕೂಡಲೇ ರಿಲೇ ಕಳಚಿಕೊಂಡು ಕ್ರೇನು ನಿಂತುಬಿಡುತ್ತದೆ. ರೈಲ್ವೆ ಸಿಗ್ನಲಿನ ರಿಲೇಗೆ ತಂತಿಯೇನೋ ಇದೆ, ನೀತಿ ಮಾತ್ರ ಒಂದೇ. ಕರೆಂಟ್ ಹೋದರೆ ಅದರ ಪಟ್ಟಿ ತನ್ನ ಭಾರಕ್ಕೇ ಕೆಳಗೆ ಬಿದ್ದು, ಸಿಗ್ನಲ್ ‘ನಿಲ್ಲು’ ಎನ್ನುವಂತೆ ಜೋಡಿಸಿರುತ್ತಾರೆ. ಸಂಶಯ ಬಂದರೆ ನಿಲ್ಲು ಎಂಬುದೇ ಒಳ್ಳೆಯ ಯಂತ್ರದ ಧರ್ಮ.

ಈ ಧರ್ಮವನ್ನು ಮನೆಯವರೂ ಪಾಲಿಸಬೇಕು. ರಿಲೇಗೆ ಕಣ್ಣಿಲ್ಲ. ಅಪ್ಪ ತೋಟದಲ್ಲಿ ಮೋಟಾರಿನ ತಂತಿ ಬಿಚ್ಚುತ್ತಿರುವುದು ಅದಕ್ಕೆ ಕಾಣದು. ಮನೆಯಲ್ಲಿ ಯಾರೋ ಗೊತ್ತಿಲ್ಲದೆ ಕರೆ ಮಾಡಿದರೆ ಅದು ತನ್ನ ಕೆಲಸ ಮಾಡಿಯೇ ಬಿಡುತ್ತದೆ. ಆದ್ದರಿಂದ ರಿಪೇರಿಗೆ ಮೊದಲು ಮೊಬೈಲಿನಲ್ಲಿ ಆಫ್ ಮಾಡಿದರಷ್ಟೇ ಸಾಲದು. ಮೇನ್ ಸ್ವಿಚ್ ಇಳಿಸಬೇಕು, ಮೂರೂ ಫ್ಯೂಸ್ ಕಿತ್ತು ಕೆಲಸ ಮುಗಿಯುವ ತನಕ ತಮ್ಮ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಇನ್ನೊಮ್ಮೆ ಅಪ್ಪನೋ ಚಿಕ್ಕಪ್ಪನೋ ಸ್ಪ್ಯಾನರ್ ಹಿಡಿದು ಪಂಪ್‌ಹೌಸಿನ ಕಡೆ ಹೊರಟರೆ, ‘ಫ್ಯೂಸ್ ಎಲ್ಲಿ?’ ಎಂದು ಕೇಳುವ ಕೆಲಸ ನಿಮ್ಮದು.