ಘಟ್ಟದ ಹಾದಿಯೂ ಕಾರಿನ ಎತ್ತರವೂ

ಮೂಡಿಗೆರೆಯಿಂದ ಬಣಕಲ್ಲನ್ನು ದಾಟಿ ಬಂದ ಪ್ರಯಾಣಿಕನು ಕೊಟ್ಟಿಗೆಹಾರದಲ್ಲಿ ಬಿಸಿ ನೀರುದೋಸೆಯನ್ನು ಸವಿದು ಮುಂದುವರಿದನೆಂದರೆ ಚಾರ್ಮಾಡಿ ಘಟ್ಟದ ತಿರುವುಗಳು ಅವನನ್ನು ಇದಿರುಗೊಳ್ಳುತ್ತವೆ. ಮಳೆಗಾಲದಲ್ಲಿ ಇಲ್ಲಿ ಮಂಜು ಕವಿದರೆ ಹತ್ತು ಮಾರು ದೂರದ ದಾರಿಯೂ ಕಾಣದು. ಹಳೆಯ ಕ್ರೀಡಾ ಕಾರೊಂದನ್ನು ಅಕ್ಕರೆಯಿಂದ ಕಾಪಾಡಿಕೊಂಡವರು ಈ ಹಾದಿಗೆ ಇಳಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಕಾರು ನೆಲದಿಂದ ಎಷ್ಟು ಎತ್ತರದಲ್ಲಿ ನಿಂತಿದೆ?

ತಗ್ಗಾಗಿ ನಿಂತ ಕಾರು ನೋಟಕ್ಕೆ ಚೆನ್ನ. ತಿರುವಿನಲ್ಲಿ ವಾಲುವುದೂ ಕಡಮೆ. ಆದರೆ ಮಿತಿಮೀರಿ ತಗ್ಗಿಸಿದರೆ ಚಕ್ರವು ಮೇಲೇಳಲು ಎಡೆಯೇ ಉಳಿಯದು. ಗುಂಡಿಗೆ ಬಿದ್ದೊಡನೆ ಅದು ರಬ್ಬರಿನ ತಡೆಗೆ ಬಡಿಯುತ್ತದೆ. ಆ ಕ್ಷಣದಲ್ಲಿ ಟಯರಿನ ಹಿಡಿತ ತಪ್ಪಿದರೆ ಪಕ್ಕದಲ್ಲಿಯೇ ಕಮರಿ!

1963ರಲ್ಲಿ ಲೋಕದೆದುರಿಗೆ ಬಂದ ಪೋರ್ಷೆ 911 ಕಾರನ್ನು ನೋಡೋಣ. ಅದರ ಹಳೆಯ ಮಾದರಿಗಳಲ್ಲಿ ಸುರುಳಿ ಸ್ಪ್ರಿಂಗಿಗೆ ಬದಲಾಗಿ ಉಕ್ಕಿನ ಸರಳೊಂದು, ಹಿಂಡಿದ ಒದ್ದೆಬಟ್ಟೆಯಂತೆ ತಿರುಚಿಕೊಂಡು, ಭಾರವನ್ನು ಹೊರುತ್ತದೆ. ನಮಗೆ ಚಿರಪರಿಚಿತವಾದ ಹಳೆಯ ಅಂಬಾಸಿಡರಿನ ಮುಂಚಕ್ರಗಳಲ್ಲಿಯೂ ಇದೇ ತತ್ತ್ವ.

ಪೋರ್ಷೆಯ ಹಿಂಚಕ್ರದ ಸರಳಿಗೆ ಒಳತುದಿಯಲ್ಲಿ 40, ಹೊರತುದಿಯಲ್ಲಿ 44 ಹಲ್ಲುಗಳಿವೆ. ಒಳಗಿನ ಒಂದು ಹಲ್ಲು 9 ಡಿಗ್ರಿ. ಹೊರಗಿನದು 8 ಡಿಗ್ರಿಗೆ ತುಸು ಹೆಚ್ಚು. ಚಕ್ರವನ್ನು ಹಿಡಿದ ತೋಳು 40 ಸೆಂಟಿಮೀಟರು ಉದ್ದವೆಂದು ಭಾವಿಸೋಣ. ಒಳತುದಿಯನ್ನಷ್ಟೇ ಒಂದು ಹಲ್ಲು ಸರಿಸಿದರೆ ತೋಳಿನ ತುದಿಯು 6 ಸೆಂಟಿಮೀಟರಿಗೂ ಹೆಚ್ಚು ಚಲಿಸುತ್ತದೆ. ಹೊರತುದಿಯಲ್ಲಿ ಒಂದು ಹಲ್ಲು ಹಿಂದಕ್ಕೆ ಸರಿಸಿದರೆ ಉಳಿಯುವ ಅಂತರ ಸುಮಾರು 6 ಮಿಲಿಮೀಟರು ಮಾತ್ರ. ತಂಬೂರಿಯಲ್ಲಿ ಬಿರಡೆಯಿಂದ ಸ್ಥೂಲವಾಗಿಯೂ ಮಣಿಯಿಂದ ಸೂಕ್ಷ್ಮವಾಗಿಯೂ ಶ್ರುತಿಗೂಡಿಸುವಂತೆಯೇ ಇದು! ಇದರಿಂದ ಎತ್ತರ ಬದಲಾಗುವುದೇ ಹೊರತು ಸರಳಿನ ಬಿಗುಪು ಬದಲಾಗದು. ಬಿಗುಪು ಸರಳಿನ ದಪ್ಪ ಹಾಗೂ ಉದ್ದಗಳನ್ನು ಅವಲಂಬಿಸಿದೆ.

ಅಳತೆಯಲ್ಲಿಯೂ ಶಿಸ್ತು ಬೇಕು. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಟಯರುಗಳಿಗೆ ಸರಿಯಾಗಿ ಗಾಳಿ ತುಂಬಿ, ಗಾಡಿಯನ್ನು ಒಮ್ಮೆ ಒತ್ತಿ ಬಿಟ್ಟು ಅಳೆಯಬೇಕು. ಎಡಬಲಗಳು ಸಮವಿಲ್ಲದಿದ್ದರೆ ಎದುರುಬದುರಿನ ಮೂಲೆಯ ಎರಡು ಚಕ್ರಗಳ ಮೇಲೆ ಭಾರ ಹೆಚ್ಚಿ, ಒಂದು ಕಡೆಯ ತಿರುವಿನಲ್ಲಿ ನೆಟ್ಟಗಿರುವ ಕಾರು ಇನ್ನೊಂದು ಕಡೆಯ ತಿರುವಿನಲ್ಲಿ ಮೊಂಡು ಹಿಡಿಯುತ್ತದೆ. ಜಾಕಿಯೊಂದನ್ನೇ ನಂಬಿ ಯಾರೂ ಗಾಡಿಯಡಿಗೆ ನುಸುಳಬಾರದು. ತಿರುಚಿದ ಸರಳಿನಲ್ಲಿ ಅಡಗಿರುವ ಬಲ ಸಾಮಾನ್ಯವಾದುದಲ್ಲ. ಈ ಕೆಲಸ ನುರಿತ ಮೆಕ್ಯಾನಿಕ್ಕನಿಗೇ ಸೇರಿದ್ದು.

ಎತ್ತರ ಬದಲಾದ ಮೇಲೆ ಚಕ್ರಗಳ ಓರೆಯನ್ನೂ ದೀಪಗಳ ನೇರವನ್ನೂ ಮತ್ತೆ ಸರಿಪಡಿಸಬೇಕು. ಹಿಂಬದಿಯನ್ನು ತಗ್ಗಿಸಿದರೆ ದೀಪದ ಬೆಳಕು ಮೇಲಕ್ಕೆದ್ದು, ಚಾರ್ಮಾಡಿಯ ಮಂಜಿಗೆ ತಾಗಿ, ಚಾಲಕನ ಕಣ್ಣಿಗೇ ಮರಳುತ್ತದೆ. ಪೇಟೆಯ ನುಣುಪು ರಸ್ತೆಗೆ ಒಪ್ಪುವ ಎತ್ತರವೇ ಬೇರೆ, ಘಟ್ಟಕ್ಕೆ ಒಪ್ಪುವುದೇ ಬೇರೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಡುವವನು ನೋಟದ ಚೆಲುವಿಗಿಂತ ಚಕ್ರದ ಮೇಲಿನ ಆ ಎರಡಂಗುಲ ಎಡೆಗೆ ಹೆಚ್ಚು ಬೆಲೆ ಕೊಡುವುದು ಲೇಸು.