ಮುಕ್ತ ವಿಶ್ವಕೋಶದ ಸಂಪಾದನಕಾರ್ಯ: ರೋಣ, ನರಗುಂದ, ಗಜೇಂದ್ರಗಡ ಪರಿಸರದ ನಿದರ್ಶನಗಳೊಡನೆ

ಪ್ರಾಚೀನ ಗ್ರಂಥವೊಂದು ನಮ್ಮ ಕೈಸೇರುವುದು ಕವಿಯ ಪ್ರತಿಭೆಯಿಂದ ಮಾತ್ರವಲ್ಲ, ಹೆಸರು ತಿಳಿಯದ ಅನೇಕ ಪ್ರತಿಕಾರರ ಪರಿಶ್ರಮದಿಂದಲೂ ಹೌದು ಎಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಲಕ್ಕುಂಡಿಯ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದಳೆಂಬ ಸಂಗತಿ ಸುಪ್ರಸಿದ್ಧ. ಆದರೆ ಪ್ರತಿಗಳು ಹೆಚ್ಚಿದಂತೆ ತಪ್ಪುಗಳೂ ಹೆಚ್ಚುತ್ತವೆ. ಒಂದು ಓಲೆಯಲ್ಲಿ ನುಸುಳಿದ ಸ್ಖಾಲಿತ್ಯವು ಅದನ್ನು ನೋಡಿ ಬರೆದ ಓಲೆಗಳಿಗೆಲ್ಲ ಹಬ್ಬುತ್ತದೆ. ಪ್ರತಿಮಾಡುವ ಕಾರ್ಯವು ಇಂದು ಅಂತರಜಾಲದಲ್ಲಿ ಕ್ಷಣಮಾತ್ರದಲ್ಲಿ ನಡೆಯುತ್ತಿರುವುದರಿಂದ ಈ ಅಪಾಯವು ನೂರ್ಮಡಿಯಾಗಿದೆ. ಆದುದರಿಂದ ಅಲ್ಲಿಯ ಮುಕ್ತ ವಿಶ್ವಕೋಶದಲ್ಲಿ ಸ್ವಯಂಸೇವೆಯಿಂದ ಸಂಪಾದಕನಾಗುವುದೆಂದರೇನು, ಹಸ್ತಪ್ರತಿಶಾಸ್ತ್ರವನ್ನು ಬಲ್ಲವರಿಗೆ ಅಲ್ಲಿ ಯಾವ ಕಾರ್ಯವಿದೆ ಎಂಬುದನ್ನು ಇಲ್ಲಿ ವಿವರಿಸಲಾಗುವುದು.

ವಿಕಿಪೀಡಿಯ ಎಂಬ ಈ ವಿಶ್ವಕೋಶವು 2001ರ ಜನವರಿಯಲ್ಲಿ ಇಂಗ್ಲಿಷಿನಲ್ಲಿ ಆರಂಭವಾಯಿತು. ಅದರ ಕನ್ನಡ ಆವೃತ್ತಿಯು 2003ರಲ್ಲಿ ತಲೆಯೆತ್ತಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಹಿಂದೆ ನಿಯುಕ್ತ ಸಂಪಾದಕಮಂಡಲಿಯೂ ಆಹ್ವಾನಿತ ಲೇಖಕರೂ ಇದ್ದರು. ಇಲ್ಲಿ ಅಂತಹ ಏರ್ಪಾಡಿಲ್ಲ. ಓದುಗನೇ ಲೇಖನವನ್ನು ತಿದ್ದಬಲ್ಲನು, ಹೊಸದನ್ನು ಆರಂಭಿಸಬಲ್ಲನು. ಇದಕ್ಕೆ ವೇತನವಿಲ್ಲ, ಲೇಖನದ ತಲೆಯಲ್ಲಿ ಹೆಸರೂ ಇಲ್ಲ. ಆದರೆ ಮಾಡಿದ ತಿದ್ದುಪಡಿ ಯಾವುದೂ ಮರೆಯಾಗುವುದಿಲ್ಲ. ಪ್ರತಿಯೊಂದು ಪುಟಕ್ಕೂ ಒಂದು ‘ಇತಿಹಾಸ’ವಿದ್ದು, ಯಾವ ಖಾತೆಯಿಂದ, ಯಾವ ದಿನ, ಯಾವ ಅಕ್ಷರ ಸೇರಿತು ಅಥವಾ ಲೋಪವಾಯಿತು ಎಂಬುದು ಅಲ್ಲಿ ದಾಖಲಾಗಿರುತ್ತದೆ. ಜೊತೆಗಿರುವ ‘ಚರ್ಚೆ’ಯ ಪುಟದಲ್ಲಿ ಸಂಪಾದಕರು ಭಿನ್ನಾಭಿಪ್ರಾಯಗಳನ್ನು ಇತ್ಯರ್ಥಪಡಿಸಿಕೊಳ್ಳುತ್ತಾರೆ. ಗ್ರಂಥಸಂಪಾದಕನು ಅಡಿಯಲ್ಲಿ ಪಾಠಾಂತರಗಳನ್ನು ಕೊಡುವಂತೆ, ಇಲ್ಲಿ ಹಿಂದಿನ ಪಾಠಗಳೆಲ್ಲ ಉಳಿದುಬರುತ್ತವೆ.

ಈ ಕಾರ್ಯಕ್ಕೆ ಮೂರು ನಿಯಮಗಳು ಆಧಾರಸ್ತಂಭಗಳು. ಹೇಳಿದ್ದಕ್ಕೆ ಪ್ರಕಟಿತ ಆಕರವಿರಬೇಕು, ನಿರೂಪಣೆ ಪಕ್ಷಪಾತರಹಿತವಾಗಿರಬೇಕು, ಸಂಪಾದಕನ ಸ್ವಂತ ಸಂಶೋಧನೆ ಅದರಲ್ಲಿ ಸೇರಬಾರದು. ಇವುಗಳ ಅರ್ಥವನ್ನು ಒಂದೊಂದು ನಿದರ್ಶನದಿಂದ ತಿಳಿಯಬಹುದು.

ಮೊದಲನೆಯದು ಸೂಡಿಯ ತಾಮ್ರಪಟ. ಶಕವರ್ಷ 860, ಅಂದರೆ ಕ್ರಿ.ಶ. 938ರ ತೇದಿಯನ್ನು ಹೊತ್ತ ಈ ಶಾಸನವು ಗಂಗ ಬೂತುಗನ ಪತ್ನಿ ದೀವಳಾಂಬೆಯು ಸೂಡಿಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಬೂತುಗನು ಭೂಮಿಯನ್ನು ದತ್ತಿಬಿಟ್ಟುದನ್ನು ತಿಳಿಸುತ್ತದೆ. ಇದನ್ನು ಎಪಿಗ್ರಾಫಿಯಾ ಇಂಡಿಕಾದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದ ಜೆ. ಎಫ್. ಫ್ಲೀಟರು ಶೀರ್ಷಿಕೆಯಲ್ಲಿಯೇ ಇದನ್ನು ಕೂಟಶಾಸನವೆಂದು ಕರೆದಿದ್ದಾರೆ. ಈಗ ಒಬ್ಬ ಉತ್ಸಾಹಿಯು ‘938ರಲ್ಲಿ ದೀವಳಾಂಬೆಯು ಸೂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು’ ಎಂದಷ್ಟೇ ಬರೆದನೆನ್ನೋಣ. ಆ ವಾಕ್ಯಕ್ಕೆ ಆಕರವುಂಟು. ಆದರೆ ಆ ಆಕರವೇ ಹೇಳಿದ ಸಂದೇಹವು ಬಿಟ್ಟುಹೋಯಿತು. ಆ ವಾಕ್ಯವನ್ನು ಹತ್ತು ಮಂದಿ ಎತ್ತಿಕೊಂಡರೆ ಕೂಟತ್ವದ ವಿಚಾರವೇ ಮರೆತುಹೋಗುತ್ತದೆ. ಕೂಟಶಾಸನದಲ್ಲಿಯೂ ಸತ್ಯಾಂಶವಿರಬಹುದು, ಅದನ್ನು ನಿರ್ಣಯಿಸುವುದು ಸಂಶೋಧಕನ ಕಾರ್ಯ. ಶಾಸನವು ಹೇಳಿದ್ದನ್ನೂ ಫ್ಲೀಟರ ಆಕ್ಷೇಪವನ್ನೂ ಅನಂತರದ ವಿದ್ವಾಂಸರು ಬರೆದಿದ್ದರೆ ಅದನ್ನೂ ಆಯಾ ಹೆಸರಿನಲ್ಲಿಯೇ ಕೊಡುವುದು ವಿಶ್ವಕೋಶದ ಸಂಪಾದಕನ ಕಾರ್ಯ. ಇದನ್ನು ಮಾಡಲು ಶಾಸನಸಂಪುಟವನ್ನು ತೆರೆದು ನೋಡುವ ಅಭ್ಯಾಸವುಳ್ಳವರು ಬೇಕು.

ಎರಡನೆಯ ನಿಯಮಕ್ಕೆ ನರಗುಂದದ 1858ರ ಬಂಡಾಯವನ್ನು ನೋಡಬಹುದು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ನನು ಆ ವರ್ಷದ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಹತನಾದನು. ನರಗುಂದದ ಅರಸ ಬಾಬಾಸಾಹೇಬನನ್ನು ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಆಳುವವರ ದಾಖಲೆಗಳಿಗೆ ಇದು ರಾಜದ್ರೋಹ. ನಾಡಿನ ನೆನಪಿಗೆ ವೀರಮರಣ. ಘಟನೆಯನ್ನು ನಿರ್ವಿಕಾರವಾಗಿ ಹೇಳಿ, ಯಾವ ಅಭಿಪ್ರಾಯ ಯಾರದೆಂಬುದನ್ನು ಸ್ಪಷ್ಟಪಡಿಸುವುದೇ ಇಲ್ಲಿಯ ತಾಟಸ್ಥ್ಯ. ಇದನ್ನು ಅನೇಕಾಂತದೃಷ್ಟಿಯೆಂದು ಕರೆಯುವ ಆಸೆ ನಮಗೆ ಸಹಜ. ಆದರೆ ಅನೇಕಾಂತವು ವಸ್ತುವಿನ ಸ್ವರೂಪವನ್ನು ಕುರಿತ ಸಿದ್ಧಾಂತ. ಇದು ಕೇವಲ ವರದಿಯ ಶಿಸ್ತು. ಅಲ್ಲದೆ ಎಲ್ಲ ಅಭಿಪ್ರಾಯಗಳಿಗೂ ಸಮಸ್ಥಾನವನ್ನು ಈ ನಿಯಮವು ಕೊಡುವುದಿಲ್ಲ; ಆಕರಗಳ ಬಲಾಬಲಕ್ಕೆ ತಕ್ಕಂತೆ ಸ್ಥಾನವನ್ನು ಕೊಡುತ್ತದೆ.

ಮೂರನೆಯ ನಿಯಮವು ನಮ್ಮವರಿಗೆ ಕಠಿಣವೆನಿಸಬಹುದು. ರೋಣದ ಒಂದು ಮನೆಯಲ್ಲಿ ಓಲೆಗರಿಯ ಕಟ್ಟೊಂದು ದೊರೆತು, ಅದರ ಪುಷ್ಪಿಕೆಯಿಂದ ಅಜ್ಞಾತ ಕವಿಯೊಬ್ಬನ ಕಾಲವು ತಿಳಿದುಬಂದಿತೆಂದು ಭಾವಿಸೋಣ. ಅದನ್ನು ಕಂಡ ಪಂಡಿತರೇ ನೇರವಾಗಿ ವಿಶ್ವಕೋಶದಲ್ಲಿ ಬರೆದರೆ ಆ ಬರೆಹವು ಅಲ್ಲಿ ನಿಲ್ಲದು, ಅದು ತಿರಸ್ಕಾರವಲ್ಲ. ಆ ಓಲೆಯನ್ನು ಇತರರು ಪರೀಕ್ಷಿಸಲು ಅಲ್ಲಿ ಅವಕಾಶವಿಲ್ಲ. ಮೊದಲು ಅದು ಇಂತಹ ಪತ್ರಿಕೆಯಲ್ಲಿ ಪ್ರತಿಯ ವಿವರಣೆಯೊಡನೆ ಪ್ರಕಟವಾಗಬೇಕು. ಅನಂತರ ಅದನ್ನು ಆಕರವಾಗಿ ಕಾಣಿಸಬೇಕು. ಹೀಗೆ ವಿಶ್ವಕೋಶವು ಸಂಶೋಧನ ಪತ್ರಿಕೆಯ ಸ್ಥಾನವನ್ನು ಕಸಿಯುವುದಿಲ್ಲ, ಅದನ್ನೇ ಅವಲಂಬಿಸಿದೆ. ನಮ್ಮ ಹಳೆಯ ಸಂಚಿಕೆಗಳಲ್ಲಿ ಅಡಗಿರುವ ವಿಷಯವು ಓದುಗರನ್ನು ತಲಪಲು ಇದೊಂದು ದಾರಿಯೂ ಹೌದು. ತನ್ನ ಲೇಖನವನ್ನೇ ಪದೇಪದೇ ಉಲ್ಲೇಖಿಸುವ ಪ್ರಲೋಭನೆಯನ್ನು ಮಾತ್ರ ಸಂಪಾದಕನು ದೂರವಿಡಬೇಕು.

ಕಾರ್ಯವು ದೊಡ್ಡದಾಗಿಯೇ ಇರಬೇಕಾಗಿಲ್ಲ. ಹಳೆಯ ಗ್ರಂಥಗಳಲ್ಲಿ ಸೂಡಿಯು ‘ಧಾರವಾಡ ಜಿಲ್ಲೆ, ರೋಣ ತಾಲ್ಲೂಕು’ ಎಂದಿರುತ್ತದೆ. 1997ರಲ್ಲಿ ಗದಗ ಜಿಲ್ಲೆ ರಚಿತವಾಯಿತು. ಮುಂದೆ ಗಜೇಂದ್ರಗಡವು ಪ್ರತ್ಯೇಕ ತಾಲ್ಲೂಕಾಗಿ, ಸೂಡಿ ಈಗ ಅದಕ್ಕೆ ಸೇರಿದೆ. ನರೇಗಲ್ಲಿನ ನಾರಾಯಣ ಗುಡಿಯು ಮೂಲತಃ ಬಸದಿ. ಬೂತುಗನ ರಾಣಿ ಪದ್ಮಬ್ಬರಸಿಯ ಹೆಸರು ಅಲ್ಲಿಯ 950ರ ಶಾಸನದೊಡನೆ ಸೇರಿಕೊಂಡಿದೆ. ಇಂದಿನ ಹೆಸರಿನಿಂದ ಹುಡುಕುವವನಿಗೆ ಹಳೆಯ ಸಂಗತಿಯೂ ದೊರೆಯುವಂತೆ ಒಂದು ವಾಕ್ಯವನ್ನೂ ಒಂದು ಆಕರವನ್ನೂ ಸೇರಿಸಿದರೆ ಅದೇ ಸಾರ್ಥಕ ಸಂಪಾದನೆ. ತಾನೇ ತೆಗೆದ ಶಾಸನದ ಛಾಯಾಚಿತ್ರವನ್ನೂ ಕೊಡಬಹುದು. ಅಲ್ಲಿ ಕೊಟ್ಟ ಬರೆಹವನ್ನಾಗಲಿ ಚಿತ್ರವನ್ನಾಗಲಿ ಯಾರೂ ಮೂಲವನ್ನು ಹೆಸರಿಸಿ ಬಳಸಬಹುದೆಂಬುದನ್ನು ಅರಿತೇ ಕೊಡಬೇಕು. ಇತರರ ಗ್ರಂಥದಿಂದ ವಾಕ್ಯಗಳನ್ನು ಹಾಗೆಯೇ ಎತ್ತಿ ಹಾಕಲಾಗದು.

ವರ್ಷಗಳ ವ್ಯಾಸಂಗದ ಫಲವಾಗಿ ಬರೆದುದನ್ನು ಅನಾಮಧೇಯನೊಬ್ಬನು ಅಳಿಸಿದರೆ ವಿದ್ವಾಂಸನಿಗೆ ಬೇಸರವಾಗುವುದು ಸ್ವಾಭಾವಿಕ. ಅಲ್ಲಿ ಪದವಿಯನ್ನು ಮುಂದಿಡುವುದರಿಂದ ಪ್ರಯೋಜನವಿಲ್ಲ. ಸಂಪುಟ, ಪುಟಸಂಖ್ಯೆಗಳನ್ನು ಮುಂದಿಟ್ಟರೆ ಮಾತು ನಿಲ್ಲುತ್ತದೆ. ಬಲ್ಲವರು ದೂರ ಉಳಿದರೆ ಪುಟವು ಬರಿದಾಗಿ ಉಳಿಯುವುದಿಲ್ಲ. ಅರೆಬಲ್ಲವರ ಪಾಠವೇ ಅಲ್ಲಿ ಸ್ಥಿರವಾಗುತ್ತದೆ, ಮುಂದಿನವರು ಅದನ್ನೇ ಪ್ರತಿಮಾಡುತ್ತಾರೆ. ಪ್ರತಿಕಾರನ ತಪ್ಪನ್ನು ಶತಮಾನಗಳ ಬಳಿಕ ತಿದ್ದುವ ವಿದ್ಯೆಯನ್ನು ಕಲಿತವರು, ತಪ್ಪು ಹುಟ್ಟುವ ಹೊತ್ತಿನಲ್ಲಿಯೇ ಅದನ್ನು ತಿದ್ದುವ ಈ ಅವಕಾಶವನ್ನು ಉಪೇಕ್ಷಿಸಬಾರದು. ಶಾಸ್ತ್ರದಾನವೆಂದು ಹಿರಿಯರು ಕರೆದುದರಲ್ಲಿ ಪ್ರತಿಯನ್ನು ಹಂಚುವುದರೊಡನೆ ಶುದ್ಧಪ್ರತಿಯನ್ನು ಹಂಚುವ ಹೊಣೆಯೂ ಸೇರಿದೆ.