ಸಂಜೆ ಕಬಡ್ಡಿ ಕಲಿಸಿದರೆ ಕಾಲೇಜಿನವರಿಗೆ ಏನು ಲಾಭ?

ಹಳ್ಳಿಯ ಪ್ರೌಢಶಾಲೆಯಲ್ಲಿ ಮಕ್ಕಳು ನೂರಾರು, ಪಿಟಿ ಮೇಷ್ಟ್ರು ಒಬ್ಬರೇ. ಎಷ್ಟೋ ಕಡೆ ಆ ಒಬ್ಬರೂ ಇರುವುದಿಲ್ಲ. ಅದೇ ಊರಿನಲ್ಲಿ ಕಬಡ್ಡಿಯನ್ನೋ ಖೋ ಖೋವನ್ನೋ ಚೆನ್ನಾಗಿ ಆಡುವ ಪದವಿ ವಿದ್ಯಾರ್ಥಿಗಳು ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಇವರು ವಾರಕ್ಕೆರಡು ಸಂಜೆ ಶಾಲೆಗೆ ಹೋಗಿ, ಸಂಬಳ ಕೇಳದೆ, ಹೊಣೆ ಹೊತ್ತು ಆಟ ಕಲಿಸುವುದಕ್ಕೆ ಸ್ವಯಂಸೇವಾ ಕೋಚಿಂಗ್ ಎನ್ನುತ್ತಾರೆ. ಮಕ್ಕಳಿಗೆ ಇದರಿಂದ ಆಗುವ ಉಪಕಾರ ಎಲ್ಲರಿಗೂ ಗೊತ್ತು. ಇಲ್ಲಿ ಹೇಳಹೊರಟಿರುವುದು ಕಲಿಸುವವರಿಗೆ ಆಗುವ ಲಾಭದ ವಿಚಾರ.

‘ಓದುವ ಹೊತ್ತು ಹಾಳಾಗುವುದಿಲ್ಲವೇ?’ ಎಂದು ಮನೆಯವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ದಿನಾ ಸಂಜೆ ಹೋದರೆ ಖಂಡಿತ ಹಾಳಾಗುತ್ತದೆ. ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ಗಂಟೆ, ಅಷ್ಟೇ ಸಾಕು. ಸೆಮಿಸ್ಟರ್ ಪರೀಕ್ಷೆಯ ತಿಂಗಳು ಬರುವುದಿಲ್ಲ ಎಂದು ಶಾಲೆಗೆ ಮೊದಲೇ ಹೇಳಿಬಿಡಿ.

ಈಗ ಲಾಭ ಎಲ್ಲಿಂದ ಬರುತ್ತದೆ ನೋಡೋಣ. ಕಬಡ್ಡಿ ಆಡುವವನಿಗೆ ಬೋನಸ್ ಗೆರೆ ಗೊತ್ತು. ಆದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಅಣ್ಣಾ, ನಾನು ಗೆರೆ ದಾಟಿದೆ, ಪಾಯಿಂಟ್ ಯಾಕೆ ಕೊಡಲಿಲ್ಲ?’ ಎಂದಾಗ ಕಾರಣ ಬಿಡಿಸಿ ಹೇಳಬೇಕಾಗುತ್ತದೆ. ಎದುರು ತಂಡದ ಆರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಅಂಕಣದಲ್ಲಿದ್ದರೆ ಮಾತ್ರ ಬೋನಸ್ ಅಂಕ, ಐವರೇ ಇದ್ದರೆ ಇಲ್ಲ. ಗೊತ್ತಿರುವುದು ಬೇರೆ, ಗೊತ್ತಿಲ್ಲದವರಿಗೆ ಅರ್ಥವಾಗುವಂತೆ ಹೇಳುವುದು ಬೇರೆ. ಸೆಮಿನಾರಿನಲ್ಲಿ, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಮ್ಮ ಹುಡುಗರು ತಡವರಿಸುವುದು ಈ ಎರಡನೆಯದರಲ್ಲಿಯೇ. ಇಪ್ಪತ್ತು ಮಕ್ಕಳ ಮುಂದೆ ವಾರವಾರ ನಿಂತವರಿಗೆ ಆ ಅಂಜಿಕೆ ಮೆಲ್ಲಗೆ ಬಿಟ್ಟುಹೋಗುತ್ತದೆ.

ಎರಡನೆಯ ಲಾಭ ಯೋಜನೆಯದು. ಒಂದು ಗಂಟೆಯ ತರಬೇತಿಯನ್ನು ಕೋಚ್‌ಗಳು ಸೆಷನ್ ಎನ್ನುತ್ತಾರೆ. ಮೊದಲ ಹತ್ತು ನಿಮಿಷ ವಾರ್ಮ್‌ಅಪ್, ಎಂದರೆ ಮೈ ಬಿಸಿ ಮಾಡುವ ಓಟ ಮತ್ತು ವ್ಯಾಯಾಮ. ಆಮೇಲೆ ಇಪ್ಪತ್ತು ನಿಮಿಷ ಒಂದೇ ಕೌಶಲ, ಉದಾಹರಣೆಗೆ ಪಾದದ ಗಂಟು ಹಿಡಿಯುವುದು. ನಂತರ ಇಪ್ಪತ್ತು ನಿಮಿಷ ಆಟ. ಕೊನೆಗೆ ಹತ್ತು ನಿಮಿಷ ಮೈ ಸಡಿಲಿಸುವುದು ಮತ್ತು ಮಾತುಕತೆ. ಹಿಂದಿನ ರಾತ್ರಿಯೇ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಗಿದ ಮೇಲೆ ಯಾರು ಬಂದರು, ಏನು ಕೂಡಿಬರಲಿಲ್ಲ ಎಂಬುದನ್ನು ಎರಡು ಸಾಲು ಸೇರಿಸಿ. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಈ ನೋಟ್‌ಬುಕ್ಕಿನಲ್ಲಿದೆ. ಕೆಲಸದ ಸಂದರ್ಶನದಲ್ಲಿ ‘ನನಗೆ ನಾಯಕತ್ವದ ಗುಣವಿದೆ’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ತಂಡಕ್ಕೆ ಬಾರದ ಮಕ್ಕಳನ್ನು ಹೇಗೆ ಕರೆತಂದೆ, ಮಳೆ ಬಂದ ದಿನ ಏನು ಕಲಿಸಿದೆ ಎಂದು ಹೇಳಬಲ್ಲವರು ಕಡಿಮೆ.

‘ಇದರಿಂದ ಕ್ರೀಡಾ ಕೋಟಾ ಸಿಗುತ್ತದೆಯೇ?’ ಇಲ್ಲ. ಕೋಟಾ ಆಡಿದವರಿಗೆ, ಕಲಿಸಿದವರಿಗಲ್ಲ. ಹಾಗೆಂದು ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ.

ಎನ್ನೆಸ್ಸೆಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಇರುವವರಿಗೆ ಇನ್ನೊಂದು ಅನುಕೂಲವಿದೆ. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಮಾಡಬೇಕು. ಕೋಚಿಂಗ್ ಆ ಲೆಕ್ಕಕ್ಕೆ ಸೇರಬೇಕಾದರೆ ನಿಮ್ಮ ಕಾಲೇಜಿನ ಕಾರ್ಯಕ್ರಮಾಧಿಕಾರಿ ಅದನ್ನು ಘಟಕದ ಚಟುವಟಿಕೆಯಾಗಿ ಒಪ್ಪಬೇಕು. ಆದ್ದರಿಂದ ಅವರನ್ನು ಮೊದಲೇ ಕೇಳಿ. ಮಾಡಿ ಮುಗಿಸಿ ಕೇಳಿದರೆ ಗಂಟೆಗಳು ಲೆಕ್ಕಕ್ಕೆ ಬಾರದೆ ಹೋಗಬಹುದು.

ಮಕ್ಕಳ ಜೊತೆಗಿನ ಕೆಲಸಕ್ಕೆ ಕಟ್ಟುಪಾಡುಗಳಿವೆ, ಇವುಗಳಲ್ಲಿ ರಾಜಿ ಬೇಡ. ಮುಖ್ಯೋಪಾಧ್ಯಾಯರ ಅನುಮತಿ ಬರಹದಲ್ಲಿರಲಿ. ಪೋಷಕರಿಂದ ಒಪ್ಪಿಗೆ ಪತ್ರ ತರಿಸಿ. ಯಾವ ಮಗುವಿನ ಜೊತೆಯೂ ಒಬ್ಬರೇ ಉಳಿಯಬೇಡಿ. ಹುಡುಗಿಯರ ತಂಡವಿದ್ದರೆ ಶಿಕ್ಷಕಿಯೊಬ್ಬರು ಮೈದಾನದಲ್ಲಿ ಇರಲೇಬೇಕು. ಹೊಡೆಯುವುದು, ಬೈದು ಅವಮಾನಿಸುವುದು ಕೂಡದು. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ‘ನಮ್ಮ ಕಾಲದಲ್ಲಿ ಬೆತ್ತ ಇತ್ತು’ ಎನ್ನುವ ಹಿರಿಯರು ಸಿಗುತ್ತಾರೆ, ನಕ್ಕು ಸುಮ್ಮನಾಗಿ.

ಖರ್ಚು ಹೆಚ್ಚಿಲ್ಲ. ಒಂದು ಸೀಟಿ, ಅಳತೆ ಟೇಪು, ಗೆರೆ ಎಳೆಯಲು ಸುಣ್ಣದ ಪುಡಿ, ಉಳುಕಿಗೆ ಕ್ರೇಪ್ ಬ್ಯಾಂಡೇಜು, ಗಾಯಕ್ಕೆ ಹತ್ತಿ ಮತ್ತು ಔಷಧ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಂಗಸರದು 12 ಮತ್ತು 8. ಮಕ್ಕಳಿಗೆ ಜಾಗ ಇದ್ದಷ್ಟರಲ್ಲಿ ಚಿಕ್ಕದಾಗಿ ಎಳೆದರೂ ನಡೆಯುತ್ತದೆ. ಮಣ್ಣಿನಲ್ಲಿ ಕಲ್ಲು, ಗಾಜಿನ ಚೂರು ಇಲ್ಲದಂತೆ ಮೊದಲು ಆಯಬೇಕು. ಸಾಮಾನಿನ ದುಡ್ಡನ್ನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರ ಹತ್ತಿರ ಕೇಳಿ ನೋಡಿ. ಮಕ್ಕಳಿಂದ ಮಾತ್ರ ಒಂದು ರೂಪಾಯಿಯೂ ಎತ್ತಬೇಡಿ.

ಕಲಿಸುವುದರಲ್ಲಿ ರುಚಿ ಹತ್ತಿತೆಂದರೆ ಮುಂದೆ ದಾರಿಗಳಿವೆ. ಪದವಿ ಮುಗಿಸಿ ಎರಡು ವರ್ಷದ ಬಿ.ಪಿ.ಎಡ್ ಮಾಡಿದರೆ ದೈಹಿಕ ಶಿಕ್ಷಕರಾಗಬಹುದು. ಪಟಿಯಾಲದಲ್ಲಿ 1961ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಕೋಚ್‌ಗಳಿಗಾಗಿ ಡಿಪ್ಲೊಮಾ ಮತ್ತು ಆರು ವಾರದ ಸರ್ಟಿಫಿಕೇಟ್ ಕೋರ್ಸುಗಳನ್ನು ನಡೆಸುತ್ತದೆ. ‘ಎನ್‌ಐಎಸ್ ಕೋಚ್’ ಎನ್ನುವುದು ಇಲ್ಲಿ ಕಲಿತವರನ್ನೇ. ಅರ್ಜಿ ಹಾಕುವ ಮುನ್ನ ಆ ವರ್ಷದ ಪ್ರಕಟಣೆಯಲ್ಲಿ ಅರ್ಹತೆ, ಶುಲ್ಕ ಎರಡನ್ನೂ ಓದಿಕೊಳ್ಳಿ.

ಶುರು ಮಾಡಲು ಜೂನ್ ಒಳ್ಳೆಯ ತಿಂಗಳು. ಆಗಷ್ಟೇ ಶಾಲೆ ತೆರೆದಿರುತ್ತದೆ, ವಲಯ ಮಟ್ಟದ ಕ್ರೀಡಾಕೂಟಕ್ಕೆ ತಂಡ ಕಟ್ಟುವ ಚಿಂತೆ ಪಿಟಿ ಮೇಷ್ಟ್ರಿಗೆ ಹತ್ತಿರುತ್ತದೆ. ಕಾಲೇಜಿನ ಗುರುತಿನ ಚೀಟಿ, ಪ್ರಾಂಶುಪಾಲರ ಒಂದು ಪತ್ರ ಹಿಡಿದು ಮುಖ್ಯೋಪಾಧ್ಯಾಯರನ್ನು ಕಾಣಿ. ಒಬ್ಬರೇ ಹೋಗಬೇಡಿ, ಗೆಳೆಯನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಳ್ಳಿ. ಒಬ್ಬರಿಗೆ ಇಂಟರ್ನಲ್ ಪರೀಕ್ಷೆ ಇದ್ದ ದಿನ ಇನ್ನೊಬ್ಬರು ಮೈದಾನದಲ್ಲಿರಬಹುದು.